ಮನೆಯಲ್ಲೇ ವಿಮಾನ ಕಟ್ಟುವುದು: ಒಬ್ಬರೇ ಸಾಕಾ, ಜೊತೆಗೆ ಜನ ಬೇಕಾ?

ಹೊಸಗ್ಯಾರೇಜ್

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ಎರಡು ಸೀಟಿನ ಲೋಹದ ವಿಮಾನದ ಕಿಟ್ ತರಿಸುವ ಯೋಚನೆ ಇದೆ. ಮೊದಲಿಗೆ ಬಾಲದ ಭಾಗ ಮಾತ್ರ. ಆರ್‌ವಿ-7, ಜೆನಿತ್ 750 ಎರಡರ ನಡುವೆ ಮನಸ್ಸು ಓಲಾಡುತ್ತಿದೆ. ಯಾವುದು ಅಂತ ನಾನೇ ತೀರ್ಮಾನ ಮಾಡುತ್ತೇನೆ, ಆ ಜಗಳಕ್ಕೆ ನಿಮ್ಮನ್ನು ಎಳೆಯುವುದಿಲ್ಲ.

ನನ್ನ ಪ್ರಶ್ನೆ ಬೇರೆ. ನಾನು ಜನರ ಜೊತೆ ಜಾಸ್ತಿ ಬೆರೆಯುವವನಲ್ಲ. ಸಂಜೆ ಬಾಗಿಲು ಹಾಕಿಕೊಂಡು ಒಬ್ಬನೇ ಕೆಲಸ ಮಾಡುವುದು ನನಗೆ ಇಷ್ಟ. ಈ ಹವ್ಯಾಸ ಹಿಡಿಸಿದ್ದೂ ಅದಕ್ಕೇ. ಆದರೆ ಎಲ್ಲಿ ನೋಡಿದರೂ "ಮೊದಲು ವಿಮಾನ ಕಟ್ಟುವವರ ಬಳಗ ಸೇರಿ, ಆಮೇಲೆ ಕಿಟ್ ತರಿಸಿ" ಅಂತಲೇ ಇರುತ್ತದೆ. ಇದು ನಿಜಕ್ಕೂ ಬೇಕಾ? ಇಲ್ಲಾ, ಸಭೆ ಸಮಾರಂಭ ಇಷ್ಟಪಡುವವರು ಹೇಳುವ ಮಾತಾ? ಕೈಪಿಡಿ ಇದೆ, ನಕ್ಷೆ ಇದೆ, ತೂತುಗಳನ್ನೂ ಕಾರ್ಖಾನೆಯವರೇ ಕೊರೆದು ಕಳಿಸುತ್ತಾರೆ. ಇನ್ನೇನು ಬೇಕು?

ಹಳೇರಿವೆಟ್

ಬನ್ನಿ ಬನ್ನಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನೀವು ಯಾವ ವಿಮಾನ ಆರಿಸುತ್ತೀರಿ ಅನ್ನುವುದರಲ್ಲೇ ಇದೆ.

ಜೆನಿತ್ ಆದರೆ ಬಹುತೇಕ ಎಲ್ಲಾ ಎಳೆಯುವ ರಿವೆಟ್. ಒಂದೇ ಬದಿಯಿಂದ ಗನ್ ಇಟ್ಟು ಎಳೆದರೆ ಆಯಿತು, ಹಿಂದೆ ಯಾರೂ ಬೇಡ. ಆರ್‌ವಿ-7 ಗಟ್ಟಿ ರಿವೆಟ್‌ಗಳ ವಿಮಾನ, ಅಂದರೆ ಎರಡೂ ಬದಿಯಿಂದ ಒತ್ತಿ ಚಪ್ಪಟೆ ಮಾಡಬೇಕಾದವು. ಹತ್ತು ಸಾವಿರಕ್ಕೂ ಮಿಕ್ಕಿ ರಿವೆಟ್ ಇರುತ್ತವೆ. ಅದರಲ್ಲಿ ತುಂಬಾ ರಿವೆಟ್‌ಗಳನ್ನು ಒಬ್ಬರೇ ಸ್ಕ್ವೀಜರ್ ಹಿಡಿದು ಒತ್ತಬಹುದು. ತೂತಿನ ಅಂಚು ಸವರುವುದು, ರಿವೆಟ್ ತಲೆ ಕೂರಲು ತೂತಿನ ಸುತ್ತ ತಗ್ಗು ಮಾಡುವುದು (ಡಿಂಪಲ್), ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕ್ಲೀಕೋ ಪಿನ್ ಸಿಕ್ಕಿಸಿ ತೆಗೆಯುವುದು, ಇದೆಲ್ಲಾ ಒಬ್ಬರ ಕೆಲಸವೇ. ರೇಡಿಯೊ ಹಾಕಿಕೊಂಡು ಕೂತರೆ ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ.

ರೆಕ್ಕೆಗೆ ತಗಡು ಹೊದಿಸುವಾಗ ಮಾತ್ರ ಇಬ್ಬರು ಬೇಕು. ಹೊರಗೆ ರಿವೆಟ್ ಬಡಿಯುವ ಗನ್ ಹಿಡಿದವರು ಒಬ್ಬರು, ಒಳಗೆ ಕೈ ತೂರಿಸಿ ಬಕಿಂಗ್ ಬಾರ್ ಅನ್ನುವ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದವರು ಇನ್ನೊಬ್ಬರು. ನಡುವೆ ತಗಡು. ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವುದಿಲ್ಲ. ಒಳಗೆ ಚಪ್ಪಟೆಯಾಗುವ ತಲೆ ರಿವೆಟ್ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು. 1/8 ಇಂಚಿನ ರಿವೆಟ್ ಆದರೆ 3/16 ಅಗಲ, 1/16 ಎತ್ತರ. ಇದು ಬಾರ್ ಹಿಡಿದವರಿಗೆ ಮಾತ್ರ ಕಾಣುತ್ತದೆ. ಅವರು "ಇನ್ನೊಂಚೂರು" ಅಂದರೆ ಇನ್ನೊಂಚೂರು, "ಸಾಕು" ಅಂದರೆ ಸಾಕು. "ರೆಡಿ" ಅನ್ನುವ ಮೊದಲೇ ಗನ್ ಒತ್ತಿದರೆ ತಗಡಿನ ಮೇಲೆ ಗುಂಡಿ ಬೀಳುತ್ತದೆ, ಆ ಗುಂಡಿ ವಿಮಾನ ಇರುವವರೆಗೂ ಇರುತ್ತದೆ.

ಹೊಸಬರಿಗೆ ಇನ್ನೊಂದು ಮಾತು. ರಿವೆಟ್ ಒಂಚೂರು ಓರೆಯಾಯಿತು ಅಂತ ಕೊರೆದು ತೆಗೆಯಲು ಹೋಗಬೇಡಿ. ತೆಗೆಯುವಾಗ ತೂತು ದೊಡ್ಡದಾದರೆ ಮೊದಲಿಗಿಂತ ಕೆಡುತ್ತದೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಅಂತ ಹೇಳಲು ಪಕ್ಕದಲ್ಲಿ ಅನುಭವ ಇದ್ದವರು ನಿಂತಿದ್ದರೆ ಬಹಳ ಅನುಕೂಲ.

ಒಬ್ಬನೇ

ಎಲ್ಲರೂ ಒಂದೇ ರಾಗ ಹಾಡುವ ಮೊದಲು ನಾನೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಒಂದು ವಿಮಾನ ಕಟ್ಟಿ ಮುಗಿಸಿದ್ದೇನೆ, ಈಗ ಹಾರಿಸುತ್ತಿದ್ದೇನೆ. ಯಾವ ಬಳಗಕ್ಕೂ ಸೇರಿದವನಲ್ಲ.

ಈ ಬಳಗಗಳಲ್ಲಿ ಕಟ್ಟುವವರಿಗಿಂತ ಮಾತಾಡುವವರೇ ಜಾಸ್ತಿ. ಬಂದವರೆಲ್ಲಾ ಒಂದೊಂದು ಸಲಹೆ ಕೊಟ್ಟು ಹೋಗುತ್ತಾರೆ. ಒಬ್ಬರು ದೊಡ್ಡ ಎಂಜಿನ್ ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಟ್ಯಾಂಕ್ ದೊಡ್ಡದು ಮಾಡಿ ಅನ್ನುತ್ತಾರೆ. ಮತ್ತೊಬ್ಬರಿಗೆ ಪ್ಯಾನೆಲ್ ತುಂಬಾ ಪರದೆ ಬೇಕು. ಕೇಳುತ್ತಾ ಹೋದರೆ ವಿನ್ಯಾಸಕಾರ ಬರೆದ ವಿಮಾನ ಉಳಿಯುವುದೇ ಇಲ್ಲ. ತೂಕ ಏರುತ್ತದೆ, ಕೆಲಸ ಎಳೆಯುತ್ತದೆ. ಕೊನೆಗೆ ಅರ್ಧ ಕಟ್ಟಿದ ಕಿಟ್ ಮಾರಾಟಕ್ಕೆ ಬರುತ್ತದೆ. ಅರ್ಧಕ್ಕೆ ನಿಂತ ಕಿಟ್‌ಗಳ ಜಾಹೀರಾತು ನೋಡಿ, ಬದಲಾವಣೆಗಳ ಪಟ್ಟಿ ಎಷ್ಟುದ್ದ ಇರುತ್ತದೆ ಅಂತ ಗೊತ್ತಾಗುತ್ತದೆ.

ನಕ್ಷೆಯಲ್ಲಿ ಏನಿದೆಯೋ ಹಾಗೇ ಕಟ್ಟಿ. ಬಾಗಿಲು ಹಾಕಿಕೊಂಡೇ ಕಟ್ಟಿ. ತಪ್ಪೇನಿಲ್ಲ.

ಬಿಸಿತಂತಿ

ನಕ್ಷೆ ಬಿಟ್ಟು ಹೋಗಬಾರದು ಅನ್ನುವ ಮಾತಿಗೆ ನಾನೂ ಕೈ ಎತ್ತುತ್ತೇನೆ.

ಆದರೆ ನಾನು ಕಟ್ಟಿದ್ದು ಫೋಮ್ ಮತ್ತು ಗಾಜಿನ ನಾರಿನ ವಿಮಾನ. ಅದರಲ್ಲಿ ಒಬ್ಬರೇ ಮಾಡಲಾಗದ ಕೆಲಸ ಮೊದಲ ವಾರವೇ ಎದುರಾಗುತ್ತದೆ. ಬರ್ಟ್ ರುಟಾನ್ 1970ರ ದಶಕದಲ್ಲಿ ವೇರಿಈಜ಼ಿ ವಿಮಾನದ ಮೂಲಕ ಈ ವಿಧಾನವನ್ನು ಮನೆಮನೆಗೆ ತಂದರು. ಅಚ್ಚು ಬೇಡ. ಫೋಮಿನ ದಿಮ್ಮಿಯನ್ನು ಬಿಸಿ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಮೇಲೆ ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಗಾಜಿನ ನಾರಿನ ಬಟ್ಟೆ ಹಾಸುವುದು.

ತಂತಿಯ ಎರಡು ತುದಿಗೆ ಇಬ್ಬರು ನಿಲ್ಲಬೇಕು. ದಿಮ್ಮಿಯ ಎರಡೂ ತುದಿಯಲ್ಲಿ ರೆಕ್ಕೆಯ ಅಡ್ಡಕೊಯ್ತದ ಆಕಾರದ ಪಟ್ಟಿ ಇರುತ್ತದೆ, ಅದರ ಮೇಲೆ ಅಂಕಿ ಗುರುತು. ರೆಕ್ಕೆ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಹಾಗಾಗಿ ಇಬ್ಬರೂ ಒಂದೇ ವೇಗದಲ್ಲಿ ಎಳೆದರೆ ಕೆಟ್ಟಿತು. ಒಬ್ಬರು ಗಟ್ಟಿಯಾಗಿ ಅಂಕಿ ಹೇಳುತ್ತಾ ಹೋಗುತ್ತಾರೆ, ಇನ್ನೊಬ್ಬರು ಅದೇ ಹೊತ್ತಿಗೆ ತಮ್ಮ ಕಡೆಯ ಅದೇ ಅಂಕಿ ದಾಟಬೇಕು. "ಹನ್ನೊಂದು... ಹನ್ನೊಂದೂವರೆ... ಹನ್ನೆರಡು." ನಡುವೆ ನಿಂತರೆ ತಂತಿ ಅಲ್ಲೇ ಫೋಮ್ ಕರಗಿಸಿ ಹಳ್ಳ ಮಾಡುತ್ತದೆ. ಹೊರಗಿಂದ ನೋಡಿದವರಿಗೆ ಏನೋ ಮಂತ್ರ ಹೇಳುತ್ತಿದ್ದಾರೆ ಅನಿಸಬೇಕು.

ಒಬ್ಬನೇ

ಅಕ್ಕ, ತಂತಿ ಎಳೆಯಲು, ಬಾರ್ ಹಿಡಿಯಲು ಮನೆಯವರು ಸಾಕು. ನಮ್ಮ ಮನೆಯಲ್ಲಿ ಅವರೇ ಹಿಡಿದರು, ನನಗಿಂತ ಚೆನ್ನಾಗಿ. ಅದಕ್ಕೆ ಬಳಗ ಯಾಕೆ?

ಎಣ್ಣೆಕೈ

ಒಬ್ಬನೇ ಸರ್ ಹೇಳಿದ್ದು ಸರಿ. ಕೈ ಜೋಡಿಸುವುದಕ್ಕೆ ಯಾರಾದರೂ ಆದೀತು. ನಮಗೆ ಬೇಕಾದದ್ದು ಹೊರಗಿನವರ ಕಣ್ಣು.

ತಾನೇ ಕಟ್ಟಿದ ವಿಮಾನವನ್ನು ಮನುಷ್ಯ ನೋಡುವುದಿಲ್ಲ, ನೆನಪಿಸಿಕೊಳ್ಳುತ್ತಾನೆ. ಆ ಬೋಲ್ಟ್ ನೋಡಿದ ತಕ್ಷಣ "ಇದನ್ನು ಬಿಗಿ ಮಾಡಿದ್ದೇನೆ" ಅಂತ ತಲೆ ಹೇಳಿಬಿಡುತ್ತದೆ. ಕಣ್ಣು ಮುಂದೆ ಹೋಗುತ್ತದೆ. ಹೊರಗಿನವರ ತಲೆಯಲ್ಲಿ ಆ ನೆನಪು ಇರುವುದಿಲ್ಲ, ಹಾಗಾಗಿ ಅವರು ನಿಜಕ್ಕೂ ನೋಡುತ್ತಾರೆ. ಸಡಿಲಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಹಾಕದ ಕ್ಯಾಸಲ್ ನಟ್, ಎಂಜಿನ್ ಹಿಂದಿನ ಬೆಂಕಿ ಗೋಡೆಗೆ ಉಜ್ಜುತ್ತಿರುವ ಇಂಧನದ ಕೊಳವೆ, ವಿಮಾನ ನಡೆಸುವ ಹಿಡಿಕೆ ಅಂದರೆ ಸ್ಟಿಕ್ ಪೂರ್ತಿ ಹಿಂದೆ ಎಳೆದಾಗ ಮಾತ್ರ ತಾಗುವ ವೈರು. ಇಂಥವು ಸಿಗುವುದು ಹೀಗೇ.

ಏಲರಾನ್, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿ ಅಲ್ಲಾಡುವ ಭಾಗ, ಅದನ್ನು ಉಲ್ಟಾ ಜೋಡಿಸಿ ಹಾರಿದ ವಿಮಾನಗಳಿವೆ. ನಂಬಲು ಕಷ್ಟ ಅಲ್ವಾ? ಕಟ್ಟಿದವರು ಹಾರುವ ಮೊದಲು ಸ್ಟಿಕ್ ಅಲ್ಲಾಡಿಸಿ ನೋಡಿರುತ್ತಾರೆ. ಏಲರಾನ್ ಅಲ್ಲಾಡುತ್ತದೆ, ಸಮಾಧಾನ ಆಗುತ್ತದೆ. ಯಾವ ಕಡೆ ಹೋಯಿತು ಅಂತ ನೋಡಿರುವುದಿಲ್ಲ. ಸುಲಭದ ಉಪಾಯ ಇದೆ: ಹೆಬ್ಬೆರಳು ಮೇಲೆ ಮಾಡಿ ಸ್ಟಿಕ್ ಹಿಡಿಯಿರಿ. ಸ್ಟಿಕ್ ವಾಲಿಸಿದಾಗ ಹೆಬ್ಬೆರಳು ಯಾವ ಕಡೆ ವಾಲುತ್ತದೋ ಆ ಕಡೆಯ ಏಲರಾನ್ ಮೇಲೇಳಬೇಕು. ಇದನ್ನು ನೀವೂ ಮಾಡಿ, ವಿಮಾನ ಎಂದೂ ನೋಡದ ಇನ್ನೊಬ್ಬರಿಂದಲೂ ಮಾಡಿಸಿ.

ಮನೆಯಲ್ಲಿ ವಿಮಾನ ಕಟ್ಟುವವರ ಅಮೆರಿಕದ ಇಎಎ ಸಂಘದಲ್ಲಿ ಟೆಕ್ನಿಕಲ್ ಕೌನ್ಸೆಲರ್ ಅಂತ ಇರುತ್ತಾರೆ. ಸಂಬಳ ಇಲ್ಲದ ಕೆಲಸ. ಕರೆದರೆ ಬಂದು ನೋಡುತ್ತಾರೆ, ಅನಿಸಿದ್ದು ಹೇಳುತ್ತಾರೆ. ಪಾಸು ಫೇಲು ಮಾಡುವ ಅಧಿಕಾರ ಅವರಿಗಿಲ್ಲ. ಬ್ರಿಟನ್ನಿನ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್‌ನ ಕ್ರಮ ಬೇರೆ. ಅಲ್ಲಿ ಸಂಘದ ಇನ್‌ಸ್ಪೆಕ್ಟರ್ ಹಂತ ಹಂತವಾಗಿ ನೋಡಿ ಸಹಿ ಹಾಕುತ್ತಾರೆ. ನಿಮ್ಮಲ್ಲಿ ನಿಯಮ ಏನೇ ಇರಲಿ, ರೆಕ್ಕೆ ಮುಚ್ಚುವ ಮೊದಲು ಒಂದು ಸಲ ಯಾರನ್ನಾದರೂ ಕರೆಯಿರಿ. ಮುಚ್ಚಿದ ಮೇಲೆ ದೇವರಿಗೂ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಎಂಜಿನ್ ಕೂರಿಸಿದ ಮೇಲೆ ಒಂದು ಸಲ, ಹಾರುವ ಮೊದಲು ಇನ್ನೊಂದು ಸಲ.

ಯಾರನ್ನು ಕರೆಯಬೇಕು ಅನ್ನುವುದಕ್ಕೂ ಒಂದು ಗುರುತು ಇದೆ. ಸಲಹೆ ಕೊಡುವವರು ಬೇಡ, ಪ್ರಶ್ನೆ ಕೇಳುವವರು ಬೇಕು. "ಈ ನಟ್‌ನ ಟಾರ್ಕ್ (ಬಿಗಿ) ಎಷ್ಟು?" ಅಂತ ಕೇಳಿ ಸುಮ್ಮನೆ ನಿಲ್ಲುವವರು.

ಮರದಪುಡಿ

ತಡವಾಗಿ ಬಂದೆ, ಕ್ಷಮಿಸಿ. ಅಂಟು ಹಚ್ಚಿದ್ದೆ, ಅರ್ಧಕ್ಕೆ ಬಿಟ್ಟು ಬರಲು ಆಗಲಿಲ್ಲ.

ಈ ಜಗಳ ಹಳೆಯದು. ವಿಮಾನದ ಆರಂಭದ ದಿನಗಳ ಸಾಂತೋಸ್ ದ್ಯುಮೋಂ ತಮ್ಮ ಪುಟ್ಟ ಡೆಮಾಯ್ಸೆಲ್ ವಿಮಾನಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಕಟ್ಟಲಿ ಅಂದರು. 1910ರಲ್ಲಿ ಅದರ ನಕ್ಷೆ ಪತ್ರಿಕೆಯಲ್ಲೇ ಅಚ್ಚಾಯಿತು. ಅಂದರೆ ಮನೆಯಲ್ಲಿ ವಿಮಾನ ಕಟ್ಟುವ ಕೆಲಸ ಶುರುವಾದದ್ದೇ ಹಂಚಿಕೊಳ್ಳುವುದರಿಂದ. ಅಮೆರಿಕದ ಪೀಟನ್‌ಪೋಲ್ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹಾಕಿ ಏರ್ ಕ್ಯಾಂಪರ್ ಅನ್ನುವ ಮರದ ವಿಮಾನ ಹಾರಿಸಿದರು. ಅದನ್ನು ಜನ ಇವತ್ತಿಗೂ ಕಟ್ಟುತ್ತಿದ್ದಾರೆ. ನಾನೂ ಅದನ್ನೇ ಕಟ್ಟುತ್ತಿರುವುದು.

ಆದರೆ ಹೊಸಗ್ಯಾರೇಜ್ ಅವರಿಗೆ ಹೇಳಬೇಕಾದ ಕಥೆ ಆನ್ರಿ ಮಿನ್ಯೇ ಅವರದು. ಫ್ರಾನ್ಸಿನವರು. ಮಾಮೂಲಿ ವಿಮಾನ ಹಾರಿಸುವುದು ಕೈಹತ್ತಲಿಲ್ಲ, ಹಾಗಾಗಿ ತಮಗೆ ಹೊಂದುವ ವಿಮಾನವನ್ನೇ ಮಾಡಿಕೊಂಡರು. ಒಂದರ ಹಿಂದೆ ಒಂದು ಎರಡು ರೆಕ್ಕೆ, ಏಲರಾನ್ ಇಲ್ಲ, ಕಾಲಲ್ಲಿ ಪೆಡಲ್ ಇಲ್ಲ. 1934ರಲ್ಲಿ ಕಟ್ಟುವ ವಿಧಾನದ ಪುಸ್ತಕ ಬರೆದರು. ಯುರೋಪಿನಲ್ಲೆಲ್ಲಾ ಜನ ಹುಚ್ಚೆದ್ದು ಕಟ್ಟಿದರು. ಇಂಗ್ಲಿಷಿನಲ್ಲಿ ಅದಕ್ಕೆ ಫ್ಲೈಯಿಂಗ್ ಫ್ಲೀ ಅಂತ ಹೆಸರು ಬಿತ್ತು. ಮಿನ್ಯೇ ಸ್ವತಃ ಚೆನ್ನಾಗಿ ಹಾರಿಸುತ್ತಿದ್ದರು. ಆಮೇಲೆ ಒಂದಾದ ಮೇಲೆ ಒಂದು ವಿಮಾನ ಮೂಗು ಕೆಳಗಾಗಿ ಬಿದ್ದವು, ಜನ ಸತ್ತರು. ಫ್ರಾನ್ಸ್ ಮತ್ತು ಬ್ರಿಟನ್ನಿನಲ್ಲಿ ಅದನ್ನು ಗಾಳಿ ಸುರಂಗದಲ್ಲಿಟ್ಟು ಪರೀಕ್ಷೆ ಮಾಡಿದಾಗ ಕಾರಣ ಸಿಕ್ಕಿತು. ಮೂಗು ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಎರಡು ರೆಕ್ಕೆಗಳ ನಡುವಿನ ಗಾಳಿಯ ಆಟದಿಂದ ಅದು ಮೇಲೆ ಏಳುವುದೇ ಇಲ್ಲ. ಸ್ಟಿಕ್ ಎಷ್ಟು ಎಳೆದರೂ ಅಷ್ಟೇ.

ಮಿನ್ಯೇ ದಡ್ಡರಲ್ಲ. ಆಮೇಲೆ ಅದನ್ನು ಸರಿ ಮಾಡಿ ಬೇರೆ ಮಾದರಿಗಳನ್ನೂ ಮಾಡಿದರು. ಆದರೆ ತಾನು ಹಾರಿಸಿದಾಗ ಏನೂ ಆಗಲಿಲ್ಲ ಅನ್ನುವುದು ಪರೀಕ್ಷೆ ಅಲ್ಲ. ಒಬ್ಬರ ತಲೆಯಿಂದ ಹುಟ್ಟಿದ್ದನ್ನು ಇನ್ನೊಬ್ಬರು ಒರೆಗೆ ಹಚ್ಚಬೇಕು.

ಅಂಟಿನ ಕೆಲಸದಲ್ಲಿ ನಾವು ದಿನಾ ಮಾಡುವುದೂ ಇದನ್ನೇ. ಎಪಾಕ್ಸಿ ಕಲಸಿದಾಗಲೆಲ್ಲಾ ಅದೇ ಅಂಟಿನಿಂದ ಎರಡು ಚೂರು ಮರ ಅಂಟಿಸಿ ತಾರೀಖು ಬರೆದಿಡುತ್ತೇನೆ. ಗಟ್ಟಿಯಾದ ಮೇಲೆ ಮುರಿಯುವುದು. ಮರ ಸೀಳಿದರೆ ಸರಿ, ಅಂಟು ಬಿಟ್ಟುಕೊಂಡರೆ ಆ ದಿನ ಅಂಟಿಸಿದ್ದೆಲ್ಲಾ ಅನುಮಾನ. ಮುರಿಯಲು, ನೋಡಲು ಬಂದವರ ಕೈಗೇ ಕೊಡುತ್ತೇನೆ. ನಾನೇ ಮುರಿದರೆ ಕೈ ಮೆತ್ತಗಾಗುತ್ತದೆ, ನಿಜ ಹೇಳುತ್ತೇನೆ.

ಒಬ್ಬನೇ

ತಪಾಸಣೆಗೆ ನನ್ನ ತಕರಾರಿಲ್ಲ. ನಾನೂ ಮಾಡಿಸಿದೆ. ಬಂದವರು ಎಂಜಿನ್ ಕವಚದ ಕೆಳಗೆ ಎರಡು ಗಂಟೆ ಮಲಗಿದ್ದು, ಎದ್ದು, ನನ್ನ ಕೈಯಲ್ಲಿ ಒಂದು ಪಟ್ಟಿ ಇಟ್ಟು ಹೋದರು. ಸಲಹೆ ಒಂದೂ ಇಲ್ಲ. ಅಂಥವರು ಸಿಕ್ಕರೆ ಬಳಗವನ್ನೂ ಸಹಿಸಬಹುದು.

ಹೊಸಗ್ಯಾರೇಜ್

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. ಒಂದು, ಕಟ್ಟುವ ಕೆಲಸದ ಹೆಚ್ಚಿನ ಪಾಲು ನಾನೇ ಮಾಡಿರಬೇಕು ಅಂತ ನಿಯಮ ಇದೆಯಲ್ಲ, ಬೇರೆಯವರು ಬಂದು ರಿವೆಟ್ ಹೊಡೆದರೆ ಲೆಕ್ಕ ಕೆಡುವುದಿಲ್ವಾ? ಎರಡು, ಮೊದಲ ಹಾರಾಟ ನಾನೇ ಮಾಡಬೇಕು ಅಂತ ಆಸೆ. ಇಷ್ಟು ಕಷ್ಟಪಟ್ಟು ಕಟ್ಟಿ ಬೇರೆಯವರ ಕೈಗೆ ಕೊಡುವುದಾ?

ಹಳೇರಿವೆಟ್

ಮೊದಲನೆಯದಕ್ಕೆ ಉತ್ತರ ಚಿಕ್ಕದು. 51 ಶೇಕಡಾ ನಿಯಮ ಅಂತ ಎಲ್ಲರೂ ಹೇಳುವ ಅಮೆರಿಕದ ನಿಯಮ, ವಿಮಾನದ ಹೆಚ್ಚಿನ ಪಾಲನ್ನು ಕಲಿಕೆಗಾಗಿ ಇಲ್ಲವೇ ಖುಷಿಗಾಗಿ ಕಟ್ಟುವವರು ಕಟ್ಟಿರಬೇಕು ಅನ್ನುತ್ತದೆ. ಒಬ್ಬರೇ ಇರಬೇಕು ಅಂತ ಇಲ್ಲ. ಖುಷಿಗೆ ಬಂದ ಸ್ನೇಹಿತರು ಹೊಡೆದ ರಿವೆಟ್ ಹವ್ಯಾಸಿಗಳ ಲೆಕ್ಕಕ್ಕೇ ಸೇರುತ್ತದೆ. ದುಡ್ಡು ಕೊಟ್ಟು ಮಾಡಿಸಿದ್ದು ಸೇರುವುದಿಲ್ಲ. ಫೋಟೊ ಮತ್ತು ದಿನಚರಿ ಇಟ್ಟುಕೊಳ್ಳಿ, ಯಾರು ಯಾವತ್ತು ಏನು ಮಾಡಿದರು ಅಂತ.

2014ರಲ್ಲಿ ಅಮೆರಿಕದ ಆಶ್‌ಕಾಶ್ ವಿಮಾನ ಮೇಳದಲ್ಲಿ ಒಂದು ಜೆನಿತ್ ಕಿಟ್ ಅನ್ನು ಒಂದೇ ವಾರದಲ್ಲಿ ಕಟ್ಟಿ ನಿಲ್ಲಿಸಿದರು. ಮೇಳ ನೋಡಲು ಬಂದ ಜನರೇ ಸಾಲಾಗಿ ನಿಂತು ಒಂದೊಂದು ರಿವೆಟ್ ಎಳೆದು, ಸಹಿ ಹಾಕಿ ಹೋದರು. ನಿಮ್ಮ ಗ್ಯಾರೇಜಿಗೆ ಅಷ್ಟು ಜನ ಬರುವುದಿಲ್ಲ, ಹೆದರಬೇಡಿ.

ಬಾಲಗಾಲಿ

ಎರಡನೆಯದು ನನಗೆ ಬಿಡಿ. ಬೇರೆಯವರು ಕಟ್ಟಿದ ವಿಮಾನಗಳ ಮೊದಲ ಹಾರಾಟ ಮಾಡಿದ್ದೇನೆ, ಬೇಡ ಅಂದದ್ದೂ ಇದೆ.

2012ರಲ್ಲಿ ಅಪಘಾತಗಳ ತನಿಖೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಟಿಎಸ್‌ಬಿ, ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳ ಬಗ್ಗೆ ಒಂದು ಅಧ್ಯಯನ ಹೊರತಂದಿತು. ಹೊಸ ವಿಮಾನದ ಮೊದಲ ಕೆಲವು ಹಾರಾಟಗಳಲ್ಲಿ ಅಪಾಯ ಜಾಸ್ತಿ. ಇದು ನಿರೀಕ್ಷೆಯೇ. ಆದರೆ ಕಟ್ಟಿದವರಿಂದ ಕೊಂಡುಕೊಂಡ ಹೊಸ ಮಾಲೀಕರ ಮೊದಲ ಹಾರಾಟಗಳಲ್ಲೂ ಅದೇ ಕಥೆ. ಅಂದರೆ ವಿಮಾನ ಹೊಸದಾಗಿರುವುದಷ್ಟೇ ಕಾರಣ ಅಲ್ಲ, ಪೈಲಟ್‌ಗೆ ಆ ವಿಮಾನ ಹೊಸದು. ಮುಖ್ಯ ಕಾರಣಗಳು ಎರಡು: ಎಂಜಿನ್ ಕೈಕೊಡುವುದು, ವಿಮಾನ ಹಿಡಿತ ತಪ್ಪುವುದು.

ನೀವು ಕಟ್ಟುತ್ತಾ ಕೂತ ವರ್ಷಗಳಲ್ಲಿ ಎಷ್ಟು ಹಾರಿಸಿರುತ್ತೀರಿ? ಕಟ್ಟುವವರ ಬಿಡುವೆಲ್ಲಾ ಗ್ಯಾರೇಜಿಗೇ ಹೋಗುತ್ತದೆ. ಕೈ ತುಕ್ಕು ಹಿಡಿದಿರುತ್ತದೆ. ಅದಕ್ಕೆ ಮದ್ದು ಇದೆ, ಅದೇ ಜಾತಿಯ ಇನ್ನೊಂದು ವಿಮಾನದಲ್ಲಿ ತರಬೇತಿ ಪಡೆಯಿರಿ. ಆರ್‌ವಿ ಸರಣಿಯಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ವಿಮಾನ ಹಾರಿವೆ. ಹುಡುಕಿದರೆ ಸೀಟು ಸಿಗುತ್ತದೆ. ಬಳಗದವರ ಪರಿಚಯ ಇದ್ದರೆ ಬೇಗ ಸಿಗುತ್ತದೆ, ಅಷ್ಟೇ.

ತರಬೇತಿಯಿಂದ ಹೋಗದ ತೊಂದರೆ ಬೇರೆ ಇದೆ. ನೆಲ ಬಿಟ್ಟು ಮುನ್ನೂರು ಅಡಿಯಲ್ಲಿ ಎಂಜಿನ್ ನಿಂತಿತು ಅಂದುಕೊಳ್ಳಿ. ಮಾಡಬೇಕಾದದ್ದು ಎಲ್ಲರಿಗೂ ಗೊತ್ತು. ಮೂಗು ಇಳಿಸಿ, ಎದುರಿಗೆ ಸಿಕ್ಕ ಬಯಲಿಗೆ ನೇರ ಇಳಿಯಿರಿ. ರೆಕ್ಕೆ ಮುರಿಯಲಿ, ಚಕ್ರ ಕಿತ್ತುಹೋಗಲಿ. ಆದರೆ ಆ ರೆಕ್ಕೆಯ ಪ್ರತಿ ರಿವೆಟ್ ಹೊಡೆದವರು ಒಂದು ಕ್ಷಣ ತಡೆಯುತ್ತಾರೆ. ತಿರುಗಿಸಿ ರನ್‌ವೇಗೆ ತರೋಣ, ವಿಮಾನ ಉಳಿಸೋಣ ಅನಿಸುತ್ತದೆ. ಅಷ್ಟು ಕೆಳಗೆ, ಅಷ್ಟು ನಿಧಾನಕ್ಕೆ ತಿರುಗಿಸಿದರೆ ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಸುತ್ತಿ ಬೀಳುತ್ತದೆ. ಬೇರೆಯವರ ವಿಮಾನ ಆದರೆ ನನಗೆ ಆ ಮೋಹ ಇಲ್ಲ. ಕಟ್ಟಿದವರಿಗೆ ಮೊದಲೇ ಹೇಳುತ್ತೇನೆ, "ಕಷ್ಟ ಬಂದರೆ ನಿಮ್ಮ ವಿಮಾನ ಒಡೆಯುತ್ತೇನೆ, ಒಪ್ಪಿಗೆ ಇದೆಯಾ?" ಅಂತ. ಹೂಂ ಅನ್ನಲು ತಡವರಿಸಿದವರ ವಿಮಾನವನ್ನು ನಾನು ಮುಟ್ಟುವುದಿಲ್ಲ.

ಒಬ್ಬನೇ

ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ನನ್ನ ವಿಮಾನದ ಪ್ರತಿ ಸದ್ದು ನನಗೆ ಗೊತ್ತು. ಯಾವ ಪಂಪ್ ಎಲ್ಲಿದೆ, ಯಾವ ಸ್ವಿಚ್ ಏನು ಮಾಡುತ್ತದೆ ಅಂತ ಕತ್ತಲಲ್ಲೂ ಹೇಳುತ್ತೇನೆ. ಬೇರೆಯವರು ಎಷ್ಟೇ ಅನುಭವಿ ಆದರೂ ಆ ಗಳಿಗೆಯಲ್ಲಿ ಹುಡುಕಾಡುತ್ತಾರೆ. ತರಬೇತಿ ತಗೊಂಡೆ, ಹಾರಿಸಿದೆ.

ಬಾಲಗಾಲಿ

ನೀವು ತರಬೇತಿ ತಗೊಂಡಿರಿ, ಅದಕ್ಕೇ ಆ ಮಾತು ಹೇಳಲು ನಿಮಗೆ ಹಕ್ಕಿದೆ ಸರ್. ಮಧ್ಯದ ದಾರಿಯೂ ಇದೆ. ಪರೀಕ್ಷಾ ಹಂತದಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಅಮೆರಿಕದಲ್ಲಿ ಆ ಹಂತ ಸಾಮಾನ್ಯವಾಗಿ 25 ಗಂಟೆ ಇಲ್ಲವೇ 40 ಗಂಟೆ, ಎಂಜಿನ್ ಮತ್ತು ಪ್ರೊಪೆಲರ್ ಜೋಡಿ ಯಾವುದು ಅನ್ನುವುದರ ಮೇಲೆ. ಆದರೆ 2014ರಿಂದ ಅಲ್ಲಿ ಕೆಲವು ಷರತ್ತುಗಳ ಮೇಲೆ ಅರ್ಹ ಎರಡನೇ ಪೈಲಟ್ ಮೊದಲ ಹಾರಾಟದಿಂದಲೇ ಜೊತೆಗಿರಬಹುದು. ಸ್ವಿಚ್ ಗೊತ್ತಿದ್ದವರು ಒಂದು ಸೀಟು, ಹಾರಾಟ ಗೊತ್ತಿದ್ದವರು ಇನ್ನೊಂದು ಸೀಟು. ನಮ್ಮಿಬ್ಬರ ವಾದವೂ ಅಲ್ಲಿ ಕೂರುತ್ತದೆ.

ಬಿಸಿತಂತಿ

ನನ್ನದನ್ನು ಗೆಳತಿ ಹಾರಿಸಿದಳು. ನಾನು ಕೆಳಗೆ ರೇಡಿಯೊ ಹಿಡಿದು ಎಣ್ಣೆಯ ಬಿಸಿ, ಸಿಲಿಂಡರ್‌ನ ಬಿಸಿ ಬರೆದುಕೊಳ್ಳುತ್ತಾ ನಿಂತಿದ್ದೆ. ಅವಳು ಇಳಿದು ಬಂದು ಮೊದಲು ಹೇಳಿದ ಮಾತು "ಎಡಕ್ಕೆ ಎಳೆಯುತ್ತದೆ" ಅಂತ. ನನಗೆ ಆಮೇಲೆ ಹಾರಿಸುವಾಗ ಅದು ಮೊದಲೇ ಗೊತ್ತಿತ್ತು. ಹೊಟ್ಟೆಕಿಚ್ಚು ಆಯಿತಾ ಅಂತ ಕೇಳಬೇಡಿ, ಆಯಿತು. ಆದರೂ ಮತ್ತೆ ಕಟ್ಟಿದರೆ ಅವಳಿಗೇ ಕೊಡುತ್ತೇನೆ.

ಎಣ್ಣೆಕೈ

ಯಾರೇ ಹಾರಿಸಲಿ, ಇಂಧನದ ಪರೀಕ್ಷೆ ಮಾಡದೆ ಕೊಡಬೇಡಿ. ಮೂಗು ಮೇಲೆತ್ತಿ, ಏರುವಾಗ ಇರುವ ಕೋನದಲ್ಲಿ ನಿಲ್ಲಿಸಿ, ಕಾರ್ಬ್ಯುರೇಟರ್ ಕಡೆಯ ಕೊಳವೆ ಬಿಚ್ಚಿ ಅಳೆಯಿರಿ. ಟೇಕಾಫ್‌ಗೆ ಬೇಕಾದದ್ದರ 150 ಶೇಕಡಾ ಬರಬೇಕು, ಪಂಪ್ ಇದ್ದರೆ 125. ಟ್ಯಾಂಕಿನಲ್ಲಿ ಉಳಿದ ಅಲ್ಯೂಮಿನಿಯಂ ಪುಡಿ ಎಲ್ಲಾ ಫಿಲ್ಟರ್‌ಗೆ ಬಂದು ಕೂರುವುದೂ ಆಗಲೇ ಗೊತ್ತಾಗುತ್ತದೆ. ಬಣ್ಣ ಹೊಡೆಸಿದ ಮೇಲೆ ಬಾಲದಲ್ಲಿ ಅಲ್ಲಾಡುವ ರಡ್ಡರ್, ಎಲಿವೇಟರ್, ರೆಕ್ಕೆಯ ಏಲರಾನ್‌ಗಳ ಸಮತೋಲ ಮತ್ತೆ ನೋಡಿ. ಬಣ್ಣದ ತೂಕ ಕೀಲಿನ ಹಿಂದೆ ಕೂತರೆ ವೇಗದಲ್ಲಿ ಅವು ನಡುಗಲು ಶುರುಮಾಡುತ್ತವೆ. ಆ ನಡುಕ ಬಾಲವನ್ನೇ ಕಿತ್ತುಕೊಂಡು ಹೋಗಬಲ್ಲದು.

ಹೊಸಗ್ಯಾರೇಜ್

ಸರಿ, ತೀರ್ಮಾನ ಮಾಡಿದೆ. ಆರ್‌ವಿ-7ರ ಬಾಲದ ಕಿಟ್‌ಗೆ ಹೇಳಿದ್ದೇನೆ. ಜೆನಿತ್ ಆದರೆ ಬಾಗಿಲು ಹಾಕಿಕೊಂಡೇ ಇದ್ದುಬಿಡುತ್ತೇನೆ ಅಂತ ನನಗೇ ಅನಿಸಿತು. ಬಾರ್ ಹಿಡಿಯಲು ತಮ್ಮ ಒಪ್ಪಿದ್ದಾನೆ. ಹತ್ತಿರದ ಬಳಗದಲ್ಲಿ ಆರ್‌ವಿ ಕಟ್ಟಿದವರು ಒಬ್ಬರು ಇದ್ದಾರಂತೆ, ಕಡಿಮೆ ಮಾತಿನವರಂತೆ. ಮಾತಾಡಿಸಿ ಬರುತ್ತೇನೆ. ಮೊದಲ ಹಾರಾಟದ ಬಗ್ಗೆ ಇನ್ನೂ ಮನಸ್ಸು ಗಟ್ಟಿ ಮಾಡಿಲ್ಲ. ಅದಕ್ಕೆ ವರ್ಷಗಳಿವೆ.

ಎಂಜಿನ್ ಯಾವಾಗ ತರಿಸಬೇಕು? ಈಗಲೇ ತರಿಸಿಟ್ಟರೆ ಹುರುಪು ಬರುತ್ತದೆ ಅಂತ ಒಬ್ಬರು ಹೇಳಿದರು.

ಎಣ್ಣೆಕೈ

ಕೊನೆಗೆ. ಹಾರದೆ ಕೂತ ಎಂಜಿನ್ ಒಳಗಿಂದ ತುಕ್ಕು ಹಿಡಿಯುತ್ತದೆ, ವಾರಂಟಿಯೂ ಕರಗುತ್ತದೆ. ಹುರುಪಿಗೆ ಪ್ರೊಪೆಲರ್‌ನ ಚಿತ್ರ ಗೋಡೆಗೆ ಅಂಟಿಸಿ.

ಹೊಸಗ್ಯಾರೇಜ್

ಆಗಲಿ. ಕೊನೆಯದೊಂದು ಚಿಕ್ಕ ಪ್ರಶ್ನೆ. ಒಳಗಿನ ತಗಡಿಗೆ ತುಕ್ಕು ತಡೆಯುವ ಪ್ರೈಮರ್ ಹಚ್ಚಬೇಕಾ?

ಹಳೇರಿವೆಟ್

ಅಯ್ಯೋ, ಇದನ್ನು ಯಾಕಪ್ಪಾ ಕೇಳಿದಿರಿ. ಆಲ್‌ಕ್ಲಾಡ್ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂ ಪದರ ಇದ್ದೇ ಇರುತ್ತದೆ, ಅದೇ ಕಾಪಾಡುತ್ತದೆ. ಬೇಡ. ಸುಮ್ನೆ ತೂಕ.

ಎಣ್ಣೆಕೈ

ಡಿಂಪಲ್ ಹಾಕುವಾಗ, ಗೀರು ಬಿದ್ದಾಗ ಆ ಪದರ ಹೋಗುತ್ತದೆ ಗುರುಗಳೇ. ಹಚ್ಚಲೇಬೇಕು. ಎಪಾಕ್ಸಿ ಪ್ರೈಮರ್, ಪ್ರತಿ ತುಂಡಿಗೂ.

ಒಬ್ಬನೇ

ತಗಡು ತಗಡು ಸೇರುವ ಜಾಗಕ್ಕೆ ಮಾತ್ರ. ಈ ವಿಷಯಕ್ಕೆ ಬಳಗಗಳೇ ಒಡೆದಿವೆ, ನಾನು ಯಾಕೆ ಸೇರಲಿಲ್ಲ ಅಂತ ಈಗ ಗೊತ್ತಾಯಿತಾ?

ಮರದಪುಡಿ

ನಾನು ಮರದವನು. ಬರ್ತೀನಿ.